ನಿಂತ ಚುಕ್ಕೆಯನ್ನು ಹುಡುಕಿ ಹೋಗುತ್ತಿದ್ದವರು

ಅವರ ಎಡ ಮುಂಗೈ ಮೇಲೆ ನಾಲ್ಕು ಗುಳಿಗಳಿದ್ದವು. ಮೂರು ಮೇಲೆ, ಒಂದು ಕೆಳಗೆ. ಹದ್ದೊಂದು ಅಲ್ಲಿ ಉಗುರೂರಿ ಹಿಡಿದಿತ್ತಂತೆ. ಅದರ ಬೆನ್ನಿಗೆ ಜಾಡು ತಿಳಿಸುವ ಪುಟ್ಟ ಯಂತ್ರ ಕಟ್ಟಿ ಮುಗಿಯುವವರೆಗೂ ಇವರು ಕೈ ಕೊಡವಲಿಲ್ಲವಂತೆ. ಯಾರಾದರೂ ಕೇಳಿದರೆ, "ಅದಕ್ಕೆ ನನಗಿಂತ ಹೆಚ್ಚು ಭಯವಾಗಿತ್ತು" ಎಂದಷ್ಟೇ ಹೇಳುತ್ತಿದ್ದರು. ನಾವೆಲ್ಲ ಅವರನ್ನು ಸೆನ್ಸೇ ಎನ್ನುತ್ತಿದ್ದೆವು. ಅಂದರೆ ಮೇಷ್ಟ್ರು.

ಜಪಾನಿನಲ್ಲಿ ದೊಡ್ಡ ಭೂಕಂಪವೂ ಸುನಾಮಿಯೂ ಆದ ಮರುವರ್ಷ ನಾನು ಅವರ ಬಳಿ ಕೆಲಸಕ್ಕೆ ಸೇರಿದೆ. ಗಂಡನ ಕಂಪನಿ ನಮ್ಮನ್ನು ಟೋಕಿಯೋಗೆ ಕಳಿಸಿತ್ತು. ಓಜಿಮಾದಲ್ಲಿ ಹನ್ನೊಂದನೇ ಮಹಡಿಯ ಮನೆ. ಮೈಸೂರಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದ ನಾನು ಇಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಬಂದರೆ, ನೆಲ ಸ್ವಲ್ಪ ಅಲುಗಿದರೂ ಬಾಗಿಲಿಗೆ ಓಡುತ್ತಾ ದಿನ ಕಳೆಯುತ್ತಿದ್ದೆ. ಮಗಳ ಗೆಳತಿಯ ತಾಯಿ ಒಂದು ವಿಶ್ವವಿದ್ಯಾಲಯದ ಕಚೇರಿಯಲ್ಲಿದ್ದರು. ಅವರೇ ನನ್ನನ್ನು ಸೆನ್ಸೇ ಬಳಿಗೆ ಕರೆದೊಯ್ದರು.

ಸೆನ್ಸೇ ಕಡಲ ಹದ್ದುಗಳ ಜಾಡು ಹಿಡಿಯುತ್ತಿದ್ದರು. ಕಪ್ಪು ಮೈ, ಬಿಳಿ ಹೆಗಲು, ಅರಿಶಿನ ಬಣ್ಣದ ದಪ್ಪ ಕೊಕ್ಕು. ಚಳಿಗಾಲವನ್ನು ಉತ್ತರದ ಹೊಕ್ಕೈಡೋ ದ್ವೀಪದಲ್ಲಿ ಕಳೆದು, ವಸಂತದಲ್ಲಿ ಸಮುದ್ರ ದಾಟಿ ರಷ್ಯಾದ ಕಡೆ ಹೋಗುತ್ತವೆ. ಬೆನ್ನಿನ ಯಂತ್ರ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ. ನಮ್ಮ ನಕಾಶೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ತಪ್ಪು ಚುಕ್ಕೆಗಳನ್ನು ತೆಗೆಯುವ ಪ್ರೋಗ್ರಾಂ ನೋಡಿಕೊಳ್ಳುವುದು ನನ್ನ ಕೆಲಸ.

ಬೆಳಿಗ್ಗೆ ಕೋಟು ಕಳಚುವ ಮೊದಲೇ ಅವರು ಪರದೆಯ ಮುಂದೆ ನಿಂತು ಒಂದೊಂದು ಹಕ್ಕಿಯ ಸಂಖ್ಯೆಯನ್ನೂ ಶಾಲೆಯ ಹಾಜರಿಯಂತೆ ಕೂಗುತ್ತಿದ್ದರು. ಚುಕ್ಕೆ ಕಂಡರೆ ಅದರ ಪರವಾಗಿ ತಾವೇ "ಹೈ" ಎನ್ನುವರು, ಅಂದರೆ ಹಾಜರು. ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಅನ್ನದುಂಡೆ ಬಿಚ್ಚುವುದು ಆಮೇಲೆಯೇ. ನಾನು ಕೊಟ್ಟ ಪುಳಿಯೋಗರೆಗೆ ಬೆವರು ಒರೆಸಿಕೊಳ್ಳುತ್ತಾ, ಇನ್ನೊಂದು ಚಮಚ ಹಾಕಿಸಿಕೊಳ್ಳುತ್ತಿದ್ದರು.

ಮೂರನೆಯ ಚಳಿಗಾಲದಲ್ಲಿ ಸೆನ್ಸೇ ಒಂದು ವಾರ ಪರದೇಶಕ್ಕೆ ಹೋದರು. ಕೆಟ್ಟ ಯಂತ್ರಗಳು ಒಂದೇ ಜಾಗವನ್ನು ಮತ್ತೆ ಮತ್ತೆ ಕಳಿಸುವುದುಂಟು. ಅಂಥ ಚುಕ್ಕೆಗಳೆಲ್ಲ ತಾವಾಗಿಯೇ ಅಳಿಸಿಹೋಗುವಂತೆ ನಾನು ಪ್ರೋಗ್ರಾಂ ಬದಲಿಸಿದೆ. ಯಾರನ್ನೂ ಕೇಳಲಿಲ್ಲ. ನಕಾಶೆ ಚೊಕ್ಕಟವಾಯಿತು. ನನಗೆ ಹೆಮ್ಮೆಯೂ ಆಯಿತು.

ವಾಪಸು ಬಂದ ದಿನ ಸೆನ್ಸೇ ಹಾಜರಿ ಕರೆದರು. "ಹದಿನಾಲ್ಕು?" ಚುಕ್ಕೆಯಿಲ್ಲ. ಅಳಿಸಿದ್ದನ್ನೆಲ್ಲ ತೆರೆದು ತೋರಿಸಿದೆ. ಹದಿನಾಲ್ಕು ಐದು ದಿನದಿಂದ ಹೊಕ್ಕೈಡೋದ ಒಂದೇ ಕಾಡಿನಂಚಿನಲ್ಲಿತ್ತು.

"ಯಂತ್ರ ಕೆಟ್ಟಿರಬಹುದು, ಸೆನ್ಸೇ."

ಅವರು ಕೋಟು ಕಳಚಲೇ ಇಲ್ಲ. "ನಾಳೆ ಬೆಳಿಗ್ಗೆಯ ವಿಮಾನಕ್ಕೆ ಹೋಗ್ತೀನಿ. ನೀವೂ ಬನ್ನಿ" ಎಂದರು.

ಮನೆಯಲ್ಲಿ ಗಂಡ, "ಒಂದ್ ಬರ್ಡ್‌ಗೋಸ್ಕರ ಅಷ್ಟ್ ದೂರ ಹೋಗ್ತೀಯಾ? ಮೆಷಿನ್ ಪ್ರಾಬ್ಲಂ ಇರತ್ತೆ, ಬಿಡು" ಎಂದರು.

"ಅಲ್ಲ ರೀ, ಡಿಲೀಟ್ ಮಾಡಿದ್ದು ನಾನೇ. ಒಂದ್ ಮಾತು ಕೇಳ್ಬೇಕಿತ್ತು."

ಕನ್ನಡ ಅರ್ಥವಾದರೂ ಮಾತಾಡದ ಮಗಳು ಜಪಾನಿಯಲ್ಲಿ, "ಸತ್ತುಹೋಯ್ತಾ?" ಎಂದು ಕೇಳಿದಳು. ನಾನು ಬ್ಯಾಗಿಗೆ ಬೆಚ್ಚನೆಯ ಬಟ್ಟೆ ತುಂಬತೊಡಗಿದೆ.

ಮೊಣಕಾಲುದ್ದ ಹಿಮದಲ್ಲಿ ನಡೆದು ಹೋದೆವು. ಮರವೊಂದರ ಬುಡದಲ್ಲಿ ಅದು ರೆಕ್ಕೆ ಹರಡಿ ಬೋರಲು ಬಿದ್ದಿತ್ತು. ಸುತ್ತ ಹಿಮದ ಮೇಲೆಲ್ಲ ರೆಕ್ಕೆ ಬಡಿದ ಗುರುತು. ಬೆನ್ನಿನ ಯಂತ್ರ ಕೆಟ್ಟಿರಲಿಲ್ಲ. ನಮ್ಮ ಜೊತೆ ಬಂದಿದ್ದ ಅಲ್ಲಿಯ ಪಶುವೈದ್ಯೆ ಪರೀಕ್ಷಿಸಿ ಹೇಳಿದರು: ಬೇಟೆಗಾರರು ಬಿಟ್ಟುಹೋದ ಜಿಂಕೆಯ ಮಾಂಸ ತಿಂದಿದೆ, ಅದರಲ್ಲಿದ್ದ ಗುಂಡಿನ ಸೀಸ ವಿಷವಾಗಿ ಹಾರಲಾಗದೆ ಕೂತಿದೆ, ಪ್ರಾಣ ಹೋಗಿ ಒಂದೆರಡು ದಿನವಾಗಿರಬಹುದು.

"ಮೊದಲೇ ಬಂದಿದ್ದರೆ?" ಎಂದೆ.

ವೈದ್ಯೆ ಸೆನ್ಸೇ ಮುಖ ನೋಡಿದರು. "ಪ್ರಯತ್ನ ಮಾಡಬಹುದಿತ್ತು" ಎಂದರು ಸೆನ್ಸೇ. ಸುಳ್ಳು ಸಮಾಧಾನ ಅವರ ಬಾಯಿಂದ ಬರಲಿಲ್ಲ.

ವಿಮಾನ ನಿಲ್ದಾಣಕ್ಕೆ ಹಿಂದಿರುಗುವಾಗ, ಕಾರು ಓಡಿಸುತ್ತಲೇ ಅವರು ತಾವಾಗಿ ಮಾತು ತೆಗೆದರು. "ನನ್ನ ಅಣ್ಣ ಕಡಲ ತೀರದ ಊರಿನಲ್ಲಿದ್ದ. ಸುನಾಮಿ ಬಂದ ಆ ಸಂಜೆ ನನ್ನ ಹದ್ದುಗಳು ಎಲ್ಲೆಲ್ಲಿವೆ ಅಂತ ನನಗೆ ಗೊತ್ತಿತ್ತು. ಅಣ್ಣ ಎಲ್ಲಿ ಅಂತ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ." ಸ್ವಲ್ಪ ದೂರ ಹೋದ ಮೇಲೆ ಅಂದರು, "ಹದಿನಾಲ್ಕು ಮಾತ್ರ ಐದು ದಿನವೂ ತಾನೆಲ್ಲಿದ್ದೇನೆ ಅಂತ ಹೇಳ್ತಾನೇ ಇತ್ತು."

"ಸುಮಿಮಾಸೆನ್" ಎಂದೆ. ರೈಲಿನಲ್ಲಿ ಯಾರದೋ ಕಾಲು ತುಳಿದಾಗ ಹೇಳುವ ಮಾತು. ಅದಕ್ಕಿಂತ ದೊಡ್ಡ ಮಾತು ಆಗ ನನಗೆ ಬರುತ್ತಿರಲಿಲ್ಲ.

"ಸೋಮವಾರ ಪ್ರೋಗ್ರಾಂ ಸರಿ ಮಾಡಿ" ಎಂದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಚುಕ್ಕೆಯೊಂದು ಒಂದು ದಿನ ಕದಲದಿದ್ದರೆ ಇಬ್ಬರ ಫೋನಿಗೂ ಸುದ್ದಿ ಬರುವಂತೆ ಮಾಡಿದೆ. ಆಮೇಲೆ ಹಾಗೆ ನಿಂತವುಗಳಲ್ಲಿ ಒಂದು ಹದ್ದು ಬದುಕಿ ಮತ್ತೆ ಹಾರಿತು. ಉಳಿದವು ಹಾರಲಿಲ್ಲ.

ಕೆಲವು ವರ್ಷಗಳ ಮೇಲೆ ಗಂಡನಿಗೆ ದೂರದ ಹಮಾಮತ್ಸು ಊರಿಗೆ ವರ್ಗವಾಯಿತು. ಅಲ್ಲಿಂದ ಪ್ರತಿ ಶುಕ್ರವಾರ ಸೆನ್ಸೇಗೆ ಮೇಲ್ ಬರೆಯುತ್ತಿದ್ದೆ. ಎರಡು ಸಾಲಾದರೂ ಉತ್ತರ ಬರುತ್ತಿತ್ತು. ಒಂದು ಶುಕ್ರವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. "ಬಿಜಿ ಇರ್ತಾರೆ ಕಣೇ" ಎಂದರು ಗಂಡ. ಮರುದಿನವೇ ನಾನು ಟೋಕಿಯೋ ರೈಲು ಹತ್ತಿದೆ.

ಬಾಗಿಲು ತೆರೆದ ಅವರ ಹೆಂಡತಿ ಒಳಗೆ ಕರೆದೊಯ್ದರು. ಸೆನ್ಸೇ ಹಾಸಿಗೆಯ ಮೇಲೆ ಅರ್ಧಕ್ಕೆ ಇಳಿದುಹೋಗಿದ್ದರು. ಕಾಯಿಲೆಯ ವಿಷಯ ಯಾರಿಗೂ ಹೇಳಬೇಡವೆಂದಿದ್ದರಂತೆ.

"ನಿಮಗೆ ಯಾರು ಹೇಳಿದರು?" ಎಂದು ಕೇಳಿದರು.

"ಯಾರೂ ಹೇಳಲಿಲ್ಲ, ಸೆನ್ಸೇ. ಮೇಲ್ ಬರಲಿಲ್ಲ. ಅದಕ್ಕೇ ಬಂದೆ."

ಅವರು ತುಂಬ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹೆಂಡತಿಯತ್ತ ತಿರುಗಿ, ನನಗೆ ಚಹಾ ಕೊಡಲು ಹೇಳಿದರು. ಹತ್ತು ದಿನಕ್ಕೆ ತೀರಿಕೊಂಡರು.

ಆ ನೋಟದಲ್ಲೇ ಅವರು ನಿನ್ನನ್ನು ಕ್ಷಮಿಸಿದರು ಎಂದು ಗಂಡ ಹೇಳುತ್ತಾರೆ. ಇರಬಹುದು. ಆದರೆ ಕ್ಷಮಿಸಬೇಕಾಗಿದ್ದುದು ಅವರಲ್ಲ, ಆ ಹದಿನಾಲ್ಕು. ಅದನ್ನು ನನಗೆ ಕಲಿಸಿದವರೂ ಅವರೇ.