ಮೂರನೆಯ ಕೂಗು

ಕಳೆದ ಭಾನುವಾರ ಒಬ್ಬ ಮುದುಕ ನನ್ನ ಪಾದ ಮುಟ್ಟಿದ. ಭಕ್ತಿಯಿಂದಲ್ಲ. ಬೆರಳುಗಳು ಮುಂದಿವೆಯೋ ಹಿಂದಿವೆಯೋ ಎಂದು ನೋಡಲು!

ಸರಿಯಾಗಿಯೇ ಇದ್ದವು. ನಾನು ದೆವ್ವವಲ್ಲ ಎಂದು ಖಾತ್ರಿಯಾದ ಮೇಲೆ "ಕೂಡ್ರಿ" ಎಂದ.

ಆದದ್ದಿಷ್ಟು. ಮಲೆಬೆನ್ನೂರಿನ ಆಚೆಗಿನ ಕಲ್ಲುಗುಡ್ಡ ಹತ್ತಲು ದಾವಣಗೆರೆಯಿಂದ ಮೊದಲ ಬಸ್ಸಿಗೆ ಹೊರಟೆ. ಒಬ್ಬನೇ. (ಬರುತ್ತೇವೆಂದ ಸ್ನೇಹಿತರಿಗೆ ಭಾನುವಾರ ಬೆಳಿಗ್ಗೆ ಯಾವಾಗಲೂ ನೆಗಡಿ.) ಹರಿಹರದಲ್ಲಿ ಬಸ್ಸು ಬದಲಿಸುವಾಗ ಮೋಡವೇ ಇಲ್ಲದ ಎಳೆ ಬಿಸಿಲು.

ಅರ್ಧ ಗುಡ್ಡ ಏರುವಷ್ಟರಲ್ಲಿ ಪಡುವಣದಿಂದ ಮೋಡ ಬಂತು. ಬಂತು ಎನ್ನುವುದಕ್ಕಿಂತ ಮೈಮೇಲೆ ಬಿತ್ತು. ಹಿಂದೆಯೇ ಗಾಳಿ, ಮಳೆ. ಕ್ಯಾನ್ವಾಸ್ ಶೂ ಒದ್ದೆ ಬಂಡೆಯ ಮೇಲೆ ಜಾರಿ ಎರಡು ಬಂಡೆಗಳ ಸಂದಿಗೆ ಬಿದ್ದೆ. ಮೊಣಕಾಲು ಊದಿಕೊಂಡಿತು. ಮೇಲೆ ಹತ್ತಲಾಗದು, ಕೆಳಗೆ ಎಷ್ಟು ಆಳವೋ ಕಾಣದು. ಹತ್ತುವಾಗ ಬುಡದಲ್ಲಿ ಕುರಿಹಟ್ಟಿಯ ಹೊಗೆ ನೋಡಿದ್ದೆ. ಕೂಗಿದೆ. ಯಾರೂ ಬರಲಿಲ್ಲ.

ಮಳೆ ನಿಂತು ಮೋಡ ಸರಿದ ಮೇಲೆ ಕೂತು ಕೂತೇ ಇಳಿದು ಹಟ್ಟಿ ಸೇರಿದೆ. ಶೂ ಕಳಚಿಸಿ ಪಾದ ಪರೀಕ್ಷೆ ನಡೆದದ್ದು ಅಲ್ಲಿ.

"ನಾನು ಕೂಗಿದ್ದು ಕೇಳಿಸಲಿಲ್ಲವೇನಜ್ಜ?" ನನಗೆ ಸಿಟ್ಟು.

"ಕೇಳಿಸ್ತಲ್ರಿ. ಎರಡು ಸಲ. ಮೂರನೇದು ಬರ್ಲಿಲ್ಲ. ಮೂರು ಸಲ ಕೂಗಿದ್ರೆ ಮನುಷ್ಯ. ಎರಡಕ್ಕೆ ನಿಂತ್ರೆ ದೆವ್ವ, ಹೋಗಬಾರ್ದು."

ಒಲೆಯ ಮುಂದಿದ್ದ ಅವನ ಸೊಸೆ ನನ್ನ ಶೂ ನೋಡಿ ನಕ್ಕಳು. "ನಾವು ಕುರಿ ಕಳಕೊಂಡ್ರೆ ಗುಡ್ಡ ಹತ್ತೀವಿ. ನೀವೇನ್ ಕಳಕೊಂಡಿದ್ರಿ ಸಾಹೇಬ್ರೆ?"

ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿದವನು ಸುಮ್ಮನಿರುತ್ತಾನೆಯೇ? ಮೂರೇನು, ಮೂವತ್ತು ಸಲ ಕೂಗಿದ್ದೇನೆ, ಗಾಳಿಯಲ್ಲಿ ನಿಮಗೆ ಕೇಳಿಸಿದ್ದು ಎರಡು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜನೇ ಶುರು ಮಾಡಿದ.

"ಹೋದ ಮಳೆಗಾಲದಾಗ ನನ್ ತಮ್ಮ ಅದೇ ಸಂದ್ಯಾಗ ಬಿದ್ದಿದ್ದ. ಇಂಥದೇ ಗಾಳಿ. ಎರಡು ಕೂಗು ಕೇಳಿಸ್ತು. ಹೊಂಟೋರನ್ನ ನಾನೇ ಬ್ಯಾಡ ಅಂತ ತಡದೆ. ಬೆಳಿಗ್ಗೆ ಹೋದ್ರೆ ಹೆಣ ಐತೆ."

ಸೊಸೆಯ ನಗು ನಿಂತಿತು.

"ಖರೇ ಹೇಳ್ರಿ. ನೀವು ಎಷ್ಟು ಸಲ ಕೂಗಿದ್ರಿ?"

ನಾನು ಮೂರು ಸಲ ಕೂಗಿದ್ದರೆ ಅವನ ತಮ್ಮನೂ ಕೂಗಿರಬಹುದು; ಎರಡೇ ಆಗಿದ್ದರೆ ತಪ್ಪು ಕೂಗಿದವನದು, ಕೇಳಿಸಿಕೊಂಡವನದಲ್ಲ. ಇದು ಅಜ್ಜನಿಗೂ ಗೊತ್ತು. ಅದಕ್ಕೇ ಕೇಳಿದ್ದು.

ನಿಜಕ್ಕೂ ಎಷ್ಟು ಕೂಗಿದ್ದೆ? ಬಂಡೆಯ ತಂಪು ನೆನಪಿದೆ. ಕುತ್ತಿಗೆಯೊಳಗೆ ಇಳಿದ ನೀರು ನೆನಪಿದೆ. ಕೂಗಿದ್ದು ನೆನಪಿಲ್ಲ. ಮೂವತ್ತು ಎಂಬುದು ಸಿಟ್ಟಿನ ಲೆಕ್ಕ. ಕೂಗಿದ್ದೆಷ್ಟು, ಕೂಗಬೇಕೆಂದುಕೊಂಡದ್ದೆಷ್ಟು?

"ಎರಡೇ ಅಜ್ಜ," ಎಂದೆ.

ಅಜ್ಜ ತನ್ನ ಕಂಬಳಿ ತೆಗೆದು ನನಗೆ ಹೊದಿಸಿದ. ಆಮೇಲೆ, "ಸಾಹೇಬ್ರಿಗೆ ಹಾಲು ಕಾಸವ್ವ" ಎಂದ.

ಮೂಢನಂಬಿಕೆಗೆ ಸಾಕ್ಷಿ ನುಡಿದು ಬಂದಿರಾ ಎಂದು ನೀವು ಬೈಯಬಹುದು. ಬೈಯಿರಿ. ನಾಳೆ ಆ ಸಂದಿಗೆ ಇನ್ನೊಬ್ಬ ಬಿದ್ದರೆ ಅವನ ಗತಿ? ನಾಲ್ಕು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಮರುದಿನ ಬೆಳಿಗ್ಗೆಯಿಂದ ನನಗೆ ಧ್ವನಿಯೇ ಹೊರಡುತ್ತಿಲ್ಲ. ಮಳೆಯಲ್ಲಿ ನೆಂದದ್ದಕ್ಕೆ ಎನ್ನುತ್ತಾಳೆ ಹೆಂಡತಿ. ಇರಬಹುದು.

ಇಲ್ಲದಿದ್ದರೆ ಎರಡೇ ಸಲ ಕೂಗಿದವನ ಗಂಟಲು ಹೀಗೆ ಒಡೆಯುತ್ತದೆಯೇ?