ಯಂಕವ್ವ ತಪ್ಪಿ ಹೇಳಿದ ವಂಶ

ಉಪ್ಪಿನಬೆಟಗೇರಿಯ ನಮ್ಮ ಗೌಡರ ಮನೆಗೆ ಹಿರಿಯರ ಬಗ್ಗೆ ಭಾರಿ ಜಂಬ. ಆದರೆ ಅಜ್ಜನ ಅಪ್ಪನ ಹೆಸರೇನೆಂದು ಕೇಳಿದರೆ ನನ್ನ ತಂದೆ ಅರ್ಜುನಪ್ಪಗೌಡರೂ ತಲೆ ಕೆರೆದುಕೊಳ್ಳುತ್ತಿದ್ದರು. ಅದು ಗೊತ್ತಿದ್ದದ್ದು ಹೆಳವರ ಉಡಚಪ್ಪನಿಗೆ. ಸುಗ್ಗಿ ಮುಗಿದ ಮೇಲೆ ಅವನು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದ. ನಮ್ಮ ಕಟ್ಟೆಯ ಮುಂದೆ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹತ್ತು ತಲೆಮಾರಿನ ಹೆಸರು ಹೇಳಿ, ಜೋಳ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದ. ಸುತ್ತಲಿನ ಮುನ್ನೂರು ಮನೆಗಳು ಅವನ ನಾಲಿಗೆಯ ಮೇಲಿದ್ದವು.

ಅದಕ್ಕೆ ಕಟ್ಟಳೆಗಳಿದ್ದವು. ಕೇಳುವವರು ತಲೆಯ ಮೇಲೆ ಬಟ್ಟೆ ಹೊದ್ದು ನಿಲ್ಲಬೇಕು. ಬದುಕಿರುವವರ ಹೆಸರು ಬಂದಾಗ ಅವರು ‘ಓ’ ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಶುರು ಮಾಡಿದ ವಂಶವನ್ನು ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ಆ ಮನೆಯ ಎಳೆ ಕಡಿದಂತೆಯೇ ಎಂದು ಅವರ ನಂಬಿಕೆ.

ನಾನು ಹೇಳಹೊರಟಿದ್ದು ಉಡಚಪ್ಪನ ಹೆಂಡತಿ ಯಂಕವ್ವನ ಬಗ್ಗೆ. ಅವರಲ್ಲಿ ಹೆಂಗಸರು ವಂಶ ಹೇಳುತ್ತಿರಲಿಲ್ಲ, ಬಿಡಾರದಲ್ಲಿ ಕೂತು ಕೌದಿ ಹೊಲಿಯುತ್ತಿದ್ದರು. ಗಂಡ ದಿನಾ ನಸುಕಿನಲ್ಲಿ ಹೆಸರುಗಳನ್ನು ಉರು ಹೊಡೆಯುವಾಗ ಇವಳು ನಲವತ್ತು ವರ್ಷ ಪಕ್ಕದಲ್ಲಿ ಹೊಲಿಯುತ್ತಲೇ ಕೂತಿದ್ದಳು. ಅವಳ ಕಿವಿಯೊಳಗೆ ಏನೆಲ್ಲ ಇಳಿಯಿತೆಂದು ಯಾರೂ ವಿಚಾರಿಸಲಿಲ್ಲ.

೧೯೫೯ರಲ್ಲಿ ಉಡಚಪ್ಪನಿಗೆ ಲಕ್ವಾ ಹೊಡೆದು ಮಾತು ಬಿದ್ದುಹೋಯಿತು. ಮಗ ಗಂಗಪ್ಪ ಹುಬ್ಬಳ್ಳಿಯಲ್ಲಿ ಕೂಲಿಗಿದ್ದ. ಕೇಶ್ವಾಪುರದ ಹಿಂದೆ ನಾಲ್ಕಾರು ಹೆಳವರ ಗುಡಿಸಲುಗಳಿದ್ದಲ್ಲಿ ಅಪ್ಪ, ಅವ್ವ, ಎತ್ತು ಮೂವರನ್ನೂ ತಂದಿಟ್ಟುಕೊಂಡ.

“ಆ ಎತ್ತ ಮಾರಿಬಿಡು ಯವ್ವಾ. ನನ್ನ ಮಗಳು ಸಾಲಿ ಕಲಿಯಾಕತ್ತಾಳ. ಹೆಳವರ ಹುಡಿಗಿ ಅನ್ನಿಸ್ಕೊಳ್ಳೂದು ಬ್ಯಾಡ” ಎಂದ. ಯಂಕವ್ವ ಮಾರಲಿಲ್ಲ.

ಅವಳು ಬೇರೆ ಕೆಲಸ ಹಿಡಿದಳು. ಸಂಜೆಗೆ ಗುಡಿಸಲುಗಳ ಹುಡುಗರನ್ನೆಲ್ಲ ಸೇರಿಸಿ, “ಊರ ಮಂದೀದೆಲ್ಲಾ ಹೇಳಿದ್ವಿ. ನಮ್ಮದನ್ನ ಹೇಳಾವ್ರು ಯಾರದಾರ? ನಾನ ಹೇಳ್ತೇನಿ, ಕೇಳ್ರಿ” ಎಂದು ತಮ್ಮದೇ ವಂಶ ಶುರು ಮಾಡಿದಳು. ಕಾಲು ಬಾರದ ಹಿರಿಯ, ಅವನು ಹತ್ತಲೆಂದು ಮಂಡಿಯೂರಿ ಕೂತ ಎತ್ತು, ಬರಗಾಲದಲ್ಲಿ ಊರು ಚದುರಿದಾಗ ತಬ್ಬಲಿ ಮಕ್ಕಳನ್ನು ಹುಡುಕಿ ಹುಡುಕಿ ‘ನೀನು ಇಂಥವರ ಮಗ’ ಎಂದು ಹೇಳಿ ಬಂದ ಮೈಲಾರಪ್ಪ. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು. ಗಂಗಪ್ಪನ ಮಗಳು ಸತ್ಯವ್ವ ಮಾತ್ರ ಬೆನ್ನು ತಿರುಗಿಸಿ ಲೆಕ್ಕ ಬಿಡಿಸುತ್ತಿದ್ದಳು.

ಆ ಸತ್ಯವ್ವ ಶಾಲೆಯಲ್ಲಿ ನನ್ನ ಬೆಂಚಿನವಳು. ನಾನು ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. “ನಮ್ಮಜ್ಜ ಒಕ್ಕಲುತನ ಮಾಡ್ತಾನ” ಎಂದು ಹೇಳಿದ್ದಳು, ನಂಬಿದ್ದೆ. ಒಮ್ಮೆ ರಸ್ತೆಯಲ್ಲಿ ಯಾರೋ ಹೆಳವ ಹೋಗುತ್ತಿದ್ದ. “ನೋಡ, ಭಿಕ್ಷಾ ಬೇಡಾಕೂ ಎತ್ತು ಬೇಕು ಇವಕ್ಕ” ಎಂದು ನಾನು ನಕ್ಕೆ. ಅವಳೂ ನಕ್ಕಳು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

೧೯೬೩ರ ಬೇಸಿಗೆಯಲ್ಲಿ ಯಂಕವ್ವ ಉಪ್ಪಿನಬೆಟಗೇರಿಗೆ ಹೊರಡಲು ಎತ್ತಿಗೆ ಗಂಟೆ ಕಟ್ಟಿದಳು. ನಾಲ್ಕು ವರ್ಷ ಊರ ಮನೆಗಳ ಯಾವ ವಂಶವೂ ಹೇಳದೆ ಉಳಿದಿತ್ತು. ಇನ್ನೊಂದು ವರ್ಷ ಕಳೆದರೆ ಊರವರು ಹೆಳವರನ್ನೇ ಮರೆಯುತ್ತಾರೆ, ಹಿಂದೆಯೇ ತಮ್ಮ ಹುಡುಗರೂ ಆ ಕಸುಬು ಮರೆಯುತ್ತಾರೆ ಎಂಬ ದಿಗಿಲು ಅವಳಿಗೆ. ಹಗ್ಗ ಹಿಡಿಯಲು ಸತ್ಯವ್ವನನ್ನು ಎಬ್ಬಿಸಿದಳು. ನಾನು ಅದೇ ಊರಿನವಳೆಂದು ಗೊತ್ತಿದ್ದ ಸತ್ಯವ್ವ ಒಂದು ಕರಾರು ಹಾಕಿದಳು: “ಬರ್ತೇನಿ. ಆದ್ರ ಯಾರ ಮುಂದೂ ನನ್ನ ಹೆಸರ ಹೇಳಬ್ಯಾಡ.” ಅಜ್ಜಿ ಆಣೆ ಮಾಡಿ ಒಪ್ಪಿದಳು.

ರಜೆಗೆ ಊರಿಗೆ ಬಂದಿದ್ದ ನಾನು ನಮ್ಮ ಕಟ್ಟೆಯ ಮುಂದೆ ಗಂಟೆ ಕೇಳಿ ಹೊರಗೆ ಓಡಿ ಬಂದೆ. ಹಗ್ಗ ಹಿಡಿದವಳ ಮುಖ ಸೆರಗಿನಲ್ಲಿತ್ತು. ಆದರೆ ವರ್ಷಪೂರ್ತಿ ಪಕ್ಕದಲ್ಲಿ ಕೂತವಳ ಕೈ ಗುರುತು ಸಿಗದೇ ಇರುತ್ತದೆಯೇ? ಅವಳೂ ನನ್ನನ್ನು ಕಂಡಳು, ಕಂಡು ನೆಲ ನೋಡಿದಳು.

“ಹೆಂಗಸು ವಂಶ ಹೇಳೂದ?” ಎಂದು ದೊಡ್ಡಪ್ಪ ಮೂಗು ಮುರಿದರು.

“ಹೇಳ್ಲಿ ಬಿಡ್ರಿ. ನಾಕ ವರ್ಷ ಆತು ನಮ್ಮ ಹಿರೇರ ಹೆಸರ ಕೇಳಿ” ಎಂದು ಅಪ್ಪ ರುಮಾಲು ಸರಿಮಾಡಿಕೊಂಡು ನಿಂತರು. ಅವರ ಹಿಂದೆ ನಾವೆಲ್ಲ ನಿಂತೆವು.

ಯಂಕವ್ವ ಎತ್ತಿನ ಮೇಲೆ ಕಣ್ಣು ಮುಚ್ಚಿ ಶುರು ಮಾಡಿದಳು. ಮೊದಲ ಹೆಸರು ಬಂತು, ಎರಡನೆಯದು ಬಂತು. ಯಾವುದೂ ನಮ್ಮದಲ್ಲ. ಮೂರನೆಯದಕ್ಕೆ ಅವಳು ಕಣ್ಣು ತೆರೆದಳು, ಮುಖದ ಕಳೆಯೇ ಹೋಯಿತು. ನಾಲ್ಕು ವರ್ಷ ಸಂಜೆಗೊಮ್ಮೆ ಮಕ್ಕಳಿಗೆ ಹೇಳಿ ಹೇಳಿ, ನಾಲಿಗೆ ರೂಢಿಯ ಮೇಲೆ ಹೆಳವರ ವಂಶವನ್ನೇ ಹಿಡಿದಿತ್ತು. ಗೌಡರ ಕಟ್ಟೆಯ ಮುಂದೆ, ಗೌಡರನ್ನು ನಿಲ್ಲಿಸಿಕೊಂಡು.

“ಏ, ಇದು ನಮ್ಮದಲ್ಲ, ನಿಲ್ಲಸು” ಎಂದು ದೊಡ್ಡಪ್ಪ ಕೂರಲು ಹೋದರು. ನಿಲ್ಲಿಸುವಂತಿಲ್ಲವಲ್ಲ. ಅವಳು ತಲೆ ಅಲ್ಲಾಡಿಸಿ ನಾಲ್ಕನೆಯ ಹೆಸರು ಹೇಳಿದಳು.

ಅಪ್ಪ ಹಿಂದೆ ತಿರುಗದೆ ಅಂದರು: “ನಿಲ್ರಿ ಎಲ್ಲಾರೂ. ಸುರು ಆದ ಮ್ಯಾಲ ಯಾರದಾದ್ರೇನು, ವಂಶ ವಂಶನ.”

ನಿಂತೆವು. ಯಂಕವ್ವನ ದನಿ ಏರಿತು. ಕಾಲು ಬಾರದವನು ಬಂದ, ಮಂಡಿಯೂರಿದ ಎತ್ತು ಬಂತು, ಬರಗಾಲದ ಮೈಲಾರಪ್ಪ ಬಂದ. ಅವನ ಕತೆ ಕೇಳುವಾಗ ದೊಡ್ಡಪ್ಪನೂ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ನೆಟ್ಟಗೆ ನಿಂತರು. ಕೊನೆಗೆ ಉಡಚಪ್ಪ ಬಂದ, ಅವನ ಮಗ ಗಂಗಪ್ಪ ಬಂದ.

ಉಳಿದದ್ದು ಒಂದೇ ಹೆಸರು. ಹೇಳಿದರೆ ಮೊಮ್ಮಗಳಿಗೆ ಮಾಡಿದ ಆಣೆ ಮುರಿಯುತ್ತದೆ, ಬಿಟ್ಟರೆ ಎಳೆ ಕಡಿಯುತ್ತದೆ. ಅವಳು ಹೇಳಲೂ ಇಲ್ಲ, ಕೆಳಗಿಳಿಯಲೂ ಇಲ್ಲ. ಹೆಸರು ಬರಬೇಕಾದ ಜಾಗದಲ್ಲಿ ಗಂಟೆಯನ್ನಷ್ಟೇ ಬಾರಿಸಿ ಕಾಯುತ್ತ ಕೂತಳು.

ಸತ್ಯವ್ವ ಮುಖದ ಸೆರಗು ಸರಿಸಿದಳು. ನನ್ನನ್ನೇ ನೋಡುತ್ತ ಅಂದಳು: “ಗಂಗಪ್ಪನ ಮಗಳು, ಹೆಳವರ ಸತ್ಯವ್ವ.” ಆಮೇಲೆ ತಾನೇ, ಓಣಿಯ ಕೊನೆಗೆ ಕೇಳುವಂತೆ, “ಓ” ಎಂದಳು.

ಯಂಕವ್ವ ಎತ್ತಿನ ಮೇಲೆ ಕೂತೇ ಅತ್ತಳು, ಅಳುತ್ತಲೇ ನಕ್ಕಳು. ಅಪ್ಪ ಎರಡು ವಂಶದ ಜೋಳ ಅಳೆಯಲು ಒಳಗೆ ಹೇಳಿ ಕಳಿಸಿದರು. ಅವಳು ೧೯೬೮ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಗುಡಿಸಲುಗಳ ಹನ್ನೊಂದು ಹುಡುಗ ಹುಡುಗಿಯರು ತಮ್ಮ ವಂಶವನ್ನು ತಡವರಿಸದೆ ಹೇಳುತ್ತಿದ್ದರು. ಅವರಿಗೆ ಕಲಿಸುತ್ತಿದ್ದವಳು, ಅಷ್ಟರಲ್ಲಿ ಶಿಕ್ಷಕಿಯಾಗಿದ್ದ ಸತ್ಯವ್ವ.

ಅಂದು ನಮ್ಮ ಕಟ್ಟೆಯ ಮುಂದೆ ಯಂಕವ್ವ ಕಣ್ಣೊರೆಸಿಕೊಂಡು ನಮ್ಮ ವಂಶವನ್ನು ಮೊದಲಿನಿಂದ ಶುರು ಮಾಡಿದಳು. ಒಂದು ಹೆಸರೂ ತಪ್ಪಲಿಲ್ಲ. ಕೊನೆಯಲ್ಲಿ “ಅರ್ಜುನಪ್ಪಗೌಡರ ಮಗಳು ಸಂಗವ್ವ” ಎಂದಳು. ನಾನು ‘ಓ’ ಎಂದೆ. ಸತ್ಯವ್ವನಷ್ಟು ಜೋರಾಗಿ ಬರಲಿಲ್ಲ.