ಫಕೀರವ್ವನ ಉಪ್ಪು

ಬಸ್ ಸ್ಟ್ಯಾಂಡಿನ ಬಾಜೂ ಖಾನಾವಳಿ ನಡೆಸುವ ಫಕೀರವ್ವನ ಅಡುಗೆಗೆ ಉಪ್ಪು ಕಮ್ಮಿ ಎನ್ನುವ ಧೈರ್ಯ ಕಲಘಟಗಿಯಲ್ಲಿ ಯಾರಿಗೂ ಇಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಪೊಲೀಸ್ ಠಾಣೆಗೆ ಹೊಸದಾಗಿ ಬಂದ ಫೌಜದಾರರು ಹಾಗೆಂದದ್ದಕ್ಕೆ, "ಮೊದಲ ನಾಲಿಗಿ ತೊಳಕೊಂಡ ಬರ್ರಿ ಸಾಹೇಬ್ರ," ಎಂದು ನೀರಿನ ತಂಬಿಗೆಯನ್ನೇ ಮುಂದಿಟ್ಟವಳು ಅವಳು. ರೊಟ್ಟಿಗಿಂತ ಮೊದಲು ಅವಳು ಬಡಿಸುವ, ತಂಬೂರ ಕೆರೆಯ ಕಪ್ಪೆಚಿಪ್ಪಿನ ರುಚಿಗೆ ಹುಬ್ಬಳ್ಳಿಯಿಂದಲೂ ಜನ ಬರುತ್ತಾರೆ. ಚಿಪ್ಪುಗಳನ್ನು ಕೆಂಡದ ಮೇಲೆ ಸಾಲಾಗಿಟ್ಟು, ಅವು ತೆರೆದುಕೊಂಡ ಮೇಲೆ ಒಳಗೆ ಕುರಿಯ ಖೀಮಾ, ಹೆಚ್ಚಿದ ಮೆಂತ್ಯ ಸೊಪ್ಪು ತುಂಬಿ ಮತ್ತೆ ಸುಡುತ್ತಾಳೆ. ಹಸಿದವರು ಚಾಕು ಹಾಕಿ ತೆರೆ ಎಂದರೆ ಕೆಂಡಕ್ಕಿಂತ ಕೆಂಪಾಗುತ್ತಾಳೆ: "ಹಂಗ ಮೀಟಿದ್ರ ಒಳಗಿನ ರಸಾ ಎಲ್ಲಾ ಹೋಗತೈತಿ. ಕಾವು ಕೊಟ್ಟು ಸುಮ್ನ ಕುಂದರ್ರಿ, ತಾನ ಬಾಯಿ ಬಿಡತೈತಿ." ಸುಮ್ಮನೆ ಕೂಡುವುದು ಗಿರಾಕಿಗಳ ಪಾಲಿಗೆ, ಅಷ್ಟರೊಳಗೆ ಅವಳು ಒಬ್ಬೊಬ್ಬರ ಹೊಲ, ಹೆಂಡತಿ, ಹೊಟ್ಟೆನೋವು ಎಲ್ಲವನ್ನೂ ಕೆದಕಿ ಕೇಳಿ ಮುಗಿಸಿರುತ್ತಾಳೆ. ಅಂಥವಳು, ಗಂಡನ ಮನೆಯಿಂದ ಟ್ರಂಕು ಹೊತ್ತು ಬಂದು ಇಪ್ಪತ್ತು ದಿನ ಮಾತಿಲ್ಲದೆ ಮೂಲೆ ಹಿಡಿದ ಮಗಳು ರೇಣವ್ವನನ್ನು ಮಾತ್ರ ಏನೊಂದೂ ಕೇಳಲಿಲ್ಲ, ಓಣಿಯವರಿಗೂ ಕೇಳಗೊಡಲಿಲ್ಲ. ದಿನಾ ಮೊದಲ ತಟ್ಟೆಯನ್ನು ಅವಳ ಮುಂದಿಟ್ಟು ಒಲೆಗೆ ಮರಳುತ್ತಿದ್ದಳು. ನಿನ್ನೆ ಮಧ್ಯಾಹ್ನ, ಖಾನಾವಳಿ ತುಂಬಿ ತುಳುಕುವಾಗ, ಮೂಲೆಯಿಂದ ರೇಣವ್ವ ಅಂದಳು: "ಯವ್ವಾ, ಉಪ್ಪ ಕಮ್ಮಿ ಆಗೇತಿ." ಉಣ್ಣುತ್ತಿದ್ದವರೆಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಫಕೀರವ್ವ ಎದ್ದಳು. ರುಚಿ ಕೂಡ ನೋಡದೆ, "ಹೌದ ನನ್ನವ್ವಾ, ಕಮ್ಮಿ ಆಗೇತಿ," ಎನ್ನುತ್ತ ಉಪ್ಪಿನ ಡಬ್ಬಿ ಹಿಡಿದು ಬಂದಳು.